ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರಿಗೆ 102ನೇ ವಯಸ್ಸಿನಲ್ಲಿ ‘ನೊಬೆಲ್’ ಬಂತೇ? ವಿದ್ವಾಂಸರ ಪೇಪರು, ಸೈಟೇಷನ್ ಲೆಕ್ಕ ಓದುವುದು ಹೇಗೆ?

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಬಾಳೆಹೊಸೂರಿನಿಂದ ಓದುಗರೊಬ್ಬರು ನಮಗೆ ಎರಡು ವಾಟ್ಸ್‌ಆ್ಯಪ್ ಸಂದೇಶ ಕಳಿಸಿದ್ದರು. ಜೊತೆಗೊಂದು ವಾಯ್ಸ್ ನೋಟ್: “ಮೊದಲನೇದು ಖರೇ ಐತೇನ್ರಿ? ಎರಡನೇದು ನನ್ನ ಮಗಳಿಗೆ ಬಂದಿದ್ದು. ರೊಕ್ಕ ಕಟ್ಟಲೋ ಬ್ಯಾಡೋ ಹೇಳ್ರಿ.”

ಮೊದಲನೆಯದು ಹಲವರ ಮೊಬೈಲಿಗೆ ಬಂದಿರುವ ಫಾರ್ವರ್ಡ್. ಡಾ. ಸಿ.ಆರ್. ರಾವ್ ಎಂಬ ಗಣಿತಜ್ಞರು 60ಕ್ಕೆ ನಿವೃತ್ತರಾಗಿ ಅಮೆರಿಕದ ಮಗಳ ಮನೆಗೆ ಹೋದರು, 62ಕ್ಕೆ ಅಲ್ಲಿ ಪ್ರೊಫೆಸರ್ ಆದರು, 70ಕ್ಕೆ ವಿಭಾಗದ ಮುಖ್ಯಸ್ಥರಾದರು, 102ಕ್ಕೆ ‘ಸಂಖ್ಯಾಶಾಸ್ತ್ರದ ನೊಬೆಲ್’ ಪಡೆದರು. ಭಾರತದಲ್ಲಿ ಮಾತ್ರ ನಿವೃತ್ತರನ್ನು ಕೇಳುವವರಿಲ್ಲ ಎಂಬುದು ಅದರ ಸಾರಾಂಶ.

ಎರಡನೆಯದು ‘ಅಂತರರಾಷ್ಟ್ರೀಯ ಜರ್ನಲ್’ ಹೆಸರಿನ ಜಾಹೀರಾತು. ದುಡ್ಡು ಕಟ್ಟಿದರೆ ಮೂರೇ ದಿನದಲ್ಲಿ ನಿಮ್ಮ ಸಂಶೋಧನಾ ಲೇಖನ ಪ್ರಕಟ, ಇಂಪ್ಯಾಕ್ಟ್ ಫ್ಯಾಕ್ಟರ್ ಗ್ಯಾರಂಟಿ, ಸರ್ಟಿಫಿಕೇಟ್ ಉಚಿತ. ಓದುಗರ ಮಗಳು ಎಂ.ಎ. ಮುಗಿಸಿ ಪಿಎಚ್‌ಡಿಗೆ ಸೇರುವ ತಯಾರಿಯಲ್ಲಿದ್ದಾಳೆ.

ಎರಡು ಸಂದೇಶಗಳಿಗೂ ಸಂಬಂಧವಿಲ್ಲ ಎನಿಸಬಹುದು. ಆದರೆ ಒಬ್ಬ ವಿದ್ವಾಂಸರ ಕೆಲಸವನ್ನು ಯಾವುದರಿಂದ ಅಳೆಯಬೇಕು ಎಂಬ ಪ್ರಶ್ನೆ ಎರಡರಲ್ಲೂ ಇದೆ. ಮೊದಲ ಸಂದೇಶದ ಸತ್ಯಾಂಶ ತಿಳಿದರೆ ಎರಡನೆಯದಕ್ಕೆ ಉತ್ತರ ಸುಲಭ.

ಫಾರ್ವರ್ಡ್‌ನಲ್ಲಿ ಯಾವುದು ಸರಿ, ಯಾವುದು ತಪ್ಪು?

ಸಿ.ಆರ್. ರಾವ್, ಅಂದರೆ ಕಲ್ಯಂಪುಡಿ ರಾಧಾಕೃಷ್ಣ ರಾವ್, ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ. ಮುಂಡರಗಿ ಕಡೆಯವರಿಗೆ ಇದು ತುಂಗಭದ್ರೆ ದಾಟಿದರೆ ಸಿಗುವ, ಮಲ್ಲಿಗೆಗೆ ಹೆಸರಾದ ಊರು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅವರ ಮನೆಮಾತು ತೆಲುಗು. ತಂದೆ ಪೊಲೀಸ್ ಅಧಿಕಾರಿ. ಹೀಗಾಗಿ ರಾವ್ ಅವರ ಓದು ಆಂಧ್ರದ ಬೇರೆ ಬೇರೆ ಊರುಗಳಲ್ಲಿ ನಡೆಯಿತು.

102ನೇ ವಯಸ್ಸಿನಲ್ಲಿ ದೊಡ್ಡ ಪ್ರಶಸ್ತಿ ಬಂದದ್ದು ನಿಜ. ಆದರೆ ಅದು ನೊಬೆಲ್ ಅಲ್ಲ. ಸಂಖ್ಯಾಶಾಸ್ತ್ರಕ್ಕೆ ನೊಬೆಲ್ ಪ್ರಶಸ್ತಿಯೇ ಇಲ್ಲ. ಅವರಿಗೆ 2023ರಲ್ಲಿ ಸಂದದ್ದು ‘ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್’. ಸಂಖ್ಯಾಶಾಸ್ತ್ರದ ಐದು ಸಂಸ್ಥೆಗಳು ಸೇರಿ ಎರಡು ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ ಇದು. ‘ನೊಬೆಲ್‌ಗೆ ಸಮಾನ’ ಎಂದು ಪತ್ರಿಕೆಗಳು ಹೋಲಿಸಿ ಬರೆದವು. ಫಾರ್ವರ್ಡ್ ಆಗುತ್ತ ಆಗುತ್ತ ‘ಸಮಾನ’ ಎಂಬುದು ಬಿದ್ದುಹೋಯಿತು. ಅದೇ ವರ್ಷ ಆಗಸ್ಟ್ 22ರಂದು ರಾವ್ ತೀರಿಕೊಂಡರು.

ವಯಸ್ಸಿನ ಲೆಕ್ಕವೂ ಹೊಂದುವುದಿಲ್ಲ. ಅವರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದ್ದು 1979ರಲ್ಲಿ, ಅಂದರೆ 60 ತುಂಬುವ ಮೊದಲೇ. 1988ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಗೆ ಹೋದರು. ಫಾರ್ವರ್ಡ್‌ನಲ್ಲಿರುವ ‘ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ’ ಬೇರೆಯೇ ಸಂಸ್ಥೆ.

ಇನ್ನು, ಭಾರತದಲ್ಲಿ ಅವರನ್ನು ಯಾರೂ ಕೇಳಲಿಲ್ಲವೇ? ರಾವ್ 1941ರಲ್ಲಿ ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿ ಸುಮಾರು ನಾಲ್ಕು ದಶಕ ಅಲ್ಲಿದ್ದರು. ಮಹಾಲನೋಬಿಸ್ 1972ರಲ್ಲಿ ತೀರಿಕೊಂಡ ಮೇಲೆ ಸಂಸ್ಥೆಯ ಹೊಣೆ ಹೊತ್ತರು. 1963ರಲ್ಲಿ ಭಟ್ನಾಗರ್ ಪ್ರಶಸ್ತಿ, 1968ರಲ್ಲಿ ಪದ್ಮಭೂಷಣ, 2001ರಲ್ಲಿ ಪದ್ಮವಿಭೂಷಣ ಬಂದವು. ಹೈದರಾಬಾದಿನಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆಯಿದೆ.

ಫಾರ್ವರ್ಡ್ ಹೇಳದೇ ಬಿಟ್ಟ ಮುಖ್ಯ ಸಂಗತಿ ಇನ್ನೊಂದಿದೆ. 2023ರ ಪ್ರಶಸ್ತಿ ಅವರು ಮುಪ್ಪಿನಲ್ಲಿ ಮಾಡಿದ ಕೆಲಸಕ್ಕೆ ಬಂದದ್ದಲ್ಲ. ಪ್ರಶಸ್ತಿ ಕೊಟ್ಟವರು ಎತ್ತಿ ಹೇಳಿದ್ದು 1945ರ ಒಂದು ಲೇಖನವನ್ನು. ಅದು ಅಚ್ಚಾದಾಗ ಅವರಿಗೆ ಸುಮಾರು 25 ವರ್ಷ. ಪ್ರಕಟವಾದದ್ದು ‘ಬುಲೆಟಿನ್ ಆಫ್ ದಿ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿ’ ಎಂಬ ನಮ್ಮದೇ ದೇಶದ ಪತ್ರಿಕೆಯಲ್ಲಿ. ಒಟ್ಟು ಹನ್ನೊಂದು ಪುಟ.

ಹನ್ನೊಂದು ಪುಟದಲ್ಲಿ ಅಂಥದ್ದೇನಿತ್ತು?

ರಾವ್ ಕಲ್ಕತ್ತಾದಲ್ಲಿ ಪಾಠ ಮಾಡುತ್ತಿದ್ದ ದಿನಗಳು. ಅಂದಾಜು ಎಷ್ಟು ನಿಖರವಾಗಿರಬಹುದು ಎಂಬುದರ ಬಗ್ಗೆ ಬ್ರಿಟನ್ನಿನ ಫಿಶರ್ ಕೊಟ್ಟಿದ್ದ ಒಂದು ಫಲಿತಾಂಶವನ್ನು ವಿವರಿಸುತ್ತಿದ್ದರು. ಅದು ಮಾದರಿ ದೊಡ್ಡದಿದ್ದಾಗ ಮಾತ್ರ ಹೊಂದುತ್ತಿತ್ತು. ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು, ಸಣ್ಣ ಮಾದರಿಗೆ ಇದನ್ನು ಸಾಧಿಸಲಾಗದೇ ಎಂದು ಕೇಳಿದರು. ರಾವ್ ಆ ರಾತ್ರಿ ಕೂತು ಲೆಕ್ಕ ಬಿಡಿಸಿ ಮರುದಿನ ತರಗತಿಯಲ್ಲಿ ತೋರಿಸಿದರು. ಈ ಪ್ರಸಂಗವನ್ನು ಹೇಳಿಕೊಂಡವರು ರಾವ್ ಅವರೇ. ಆ ವಿದ್ಯಾರ್ಥಿ ಮುಂದೆ ಬಡತನದ ಅಧ್ಯಯನಕ್ಕೆ ಹೆಸರಾದ ಅರ್ಥಶಾಸ್ತ್ರಜ್ಞರಾದರು.

ವಿಷಯವನ್ನು ಶೇಂಗಾ ಹೊಲದಲ್ಲಿ ನಿಂತು ನೋಡೋಣ. ಗಿಡವೊಂದಕ್ಕೆ ಸರಾಸರಿ ಎಷ್ಟು ಕಾಯಿ ಇದೆ ಎಂದು ತಿಳಿಯಬೇಕು. ಇಡೀ ಹೊಲ ಕೀಳಲಾಗದು. ಹತ್ತು ಗಿಡ ಕಿತ್ತು ಎಣಿಸುತ್ತೀರಿ. ಅದರಿಂದ ಮಾಡಿದ ಅಂದಾಜಿನಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎಂಥ ಜಾಣ ಲೆಕ್ಕ ಹಾಕಿದರೂ ಆ ಹೆಚ್ಚುಕಡಿಮೆಯನ್ನು ಎಷ್ಟಕ್ಕೆ ಇಳಿಸಬಹುದು? ಒಂದು ಕಡೆಗೇ ವಾಲದ ಅಂದಾಜುಗಳಿಗೆ ಒಂದು ತಳಮಟ್ಟವಿದೆ, ಅದಕ್ಕಿಂತ ಕೆಳಗೆ ಇಳಿಯಲಾಗದು ಎಂದು ರಾವ್ ತೋರಿಸಿದರು. ಸ್ವೀಡನ್ನಿನ ಕ್ರೇಮರ್ ಕೂಡ ಇದನ್ನು ಬೇರೆಯಾಗಿ ಕಂಡುಕೊಂಡು 1946ರ ಪುಸ್ತಕದಲ್ಲಿ ಕೊಟ್ಟರು. ಹಾಗಾಗಿ ಇದರ ಹೆಸರು ‘ಕ್ರೇಮರ್–ರಾವ್ ಮಿತಿ’.

ಅದೇ ಲೇಖನದ ಎರಡನೇ ಸಂಗತಿ: ಒರಟು ಅಂದಾಜನ್ನು ಸುಧಾರಿಸುವ ದಾರಿ. ಕಿತ್ತ ಹತ್ತು ಗಿಡಗಳಲ್ಲಿ ಮೊದಲನೆಯದನ್ನಷ್ಟೇ ನೋಡಿ ಹೊಲದ ಲೆಕ್ಕ ಹೇಳುವವರಿದ್ದಾರೆ. ಕೈಯಲ್ಲಿರುವ ಪೂರ್ತಿ ಮಾಹಿತಿಯನ್ನು ಬಳಸುವಂತೆ ಆ ಅಂದಾಜನ್ನು ತಿದ್ದಿದರೆ ಅದು ಹತ್ತೂ ಗಿಡಗಳ ಸರಾಸರಿಯಾಗುತ್ತದೆ. ಇದನ್ನು ಎಲ್ಲ ಬಗೆಯ ಲೆಕ್ಕಕ್ಕೂ ಹೊಂದುವಂತೆ ಹೇಳುವುದೇ ‘ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ’. ಮೂರನೆಯದು, ಅಂಕಿಗಳ ಹರಡಿಕೆಯನ್ನು ರೇಖಾಗಣಿತದ ಕಣ್ಣಿನಿಂದ ನೋಡಿದ್ದು. ಅದರಿಂದ ಬೆಳೆದ ಶಾಖೆಯನ್ನು ಇಂದು ಕೃತಕ ಬುದ್ಧಿಮತ್ತೆಯ ಸಂಶೋಧಕರೂ ಬಳಸುತ್ತಾರೆ.

ಒಬ್ಬರ ಕೆಲಸ, ಹಲವು ಹೊಲ

ರಾವ್ 14 ಪುಸ್ತಕ, ನೂರಾರು ಲೇಖನ ಬರೆದರು. ಅವು ಎಲ್ಲೆಲ್ಲಿ ಬಳಕೆಯಾದವು ಎಂಬುದು ಅವುಗಳ ಸಂಖ್ಯೆಗಿಂತ ಕುತೂಹಲಕರ.

ಮಾನವಶಾಸ್ತ್ರ: ರಾವ್ 1946ರಿಂದ 1948ರವರೆಗೆ ಕೇಂಬ್ರಿಡ್ಜ್‌ನ ಮ್ಯೂಸಿಯಂ ಒಂದರಲ್ಲಿದ್ದರು. ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವುದು ಅವರ ಕೆಲಸ. ಆ ಅವಧಿಯಲ್ಲೇ ಫಿಶರ್ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮುಗಿಸಿದರು.

ಕೃಷಿ ಮತ್ತು ಕಾರ್ಖಾನೆ: ಬೀಜ, ಗೊಬ್ಬರ, ನೀರು, ಸಾಲಿನ ಅಂತರ ಎಂಬ ನಾಲ್ಕು ಅಂಶಗಳನ್ನು ಮೂರು ಮೂರು ಬಗೆಯಲ್ಲಿ ಪರೀಕ್ಷಿಸಬೇಕು ಎನ್ನಿ. ಎಲ್ಲ ಜೋಡಣೆಗಳನ್ನೂ ಮಾಡಿ ನೋಡಲು 81 ತಾಕು ಬೇಕು. ರಾವ್ 1940ರ ದಶಕದಲ್ಲಿ ರೂಪಿಸಿದ ‘ಆರ್ಥೋಗೊನಲ್ ಅರೇ’ ಕೋಷ್ಟಕದ ಪ್ರಕಾರ ಜಾಣತನದಿಂದ ಆಯ್ದ 9 ತಾಕಿನಲ್ಲೇ ಪ್ರತಿ ಅಂಶದ ಮುಖ್ಯ ಪರಿಣಾಮವನ್ನು ಅಂದಾಜಿಸಬಹುದು. ಇದೇ ವಿಧಾನ ಮುಂದೆ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಗೂ ಬಂತು.

ಪರಿಸರ ವಿಜ್ಞಾನ: ಒಂದು ಹೊಲದಲ್ಲಿ ಜೋಳ ಮತ್ತು ಸಜ್ಜೆ, ಇನ್ನೊಂದರಲ್ಲಿ ಜೋಳ ಮತ್ತು ಹೆಸರು. ಎರಡರಲ್ಲೂ ಎರಡೇ ಬೆಳೆ. ಆದರೆ ಜೋಳ, ಸಜ್ಜೆ ಒಂದೇ ಹುಲ್ಲಿನ ಕುಲದವು, ಹೆಸರು ದ್ವಿದಳ. ಎರಡನೇ ಹೊಲದಲ್ಲಿ ವೈವಿಧ್ಯ ಹೆಚ್ಚು. ಎಷ್ಟು ಬಗೆ ಇವೆ ಎಂಬುದರ ಜೊತೆಗೆ ಅವು ಒಂದಕ್ಕೊಂದು ಎಷ್ಟು ಬೇರೆ ಎಂಬುದನ್ನೂ ಸೇರಿಸುವ ಅಳತೆಯನ್ನು ರಾವ್ 1982ರಲ್ಲಿ ಕೊಟ್ಟರು. ಜೀವವೈವಿಧ್ಯ ಅಧ್ಯಯನದಲ್ಲಿ ಅದು ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

ಅರ್ಥಶಾಸ್ತ್ರ: 1948ರಲ್ಲಿ ಅವರು ಕೊಟ್ಟ ‘ಸ್ಕೋರ್ ಟೆಸ್ಟ್’ ಅನ್ನು ಅರ್ಥಶಾಸ್ತ್ರಜ್ಞರು ‘ಲಗ್ರಾಂಜ್ ಮಲ್ಟಿಪ್ಲಯರ್ ಟೆಸ್ಟ್’ ಎಂಬ ಬೇರೆ ಹೆಸರಿನಿಂದ ಕರೆಯುತ್ತಾರೆ. ಬಳಕೆ ಅವರದು, ಹೆಸರು ಅವರದಲ್ಲ. ಸೈಟೇಷನ್ ಲೆಕ್ಕ ತಪ್ಪುವುದು ಇಂಥ ಕಡೆಯೇ.

ಸೈಟೇಷನ್ ಅಂದರೇನು?

ಸಂಶೋಧನಾ ಲೇಖನದ ಕೊನೆಗೆ ತಾವು ಆಧರಿಸಿದ ಹಿಂದಿನ ಬರಹಗಳ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಲೇಖನವಿದ್ದರೆ ನಿಮಗೊಂದು ಸೈಟೇಷನ್, ಅಂದರೆ ಒಂದು ಉಲ್ಲೇಖ. ಯೂಜೀನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ಇಂಥ ಉಲ್ಲೇಖಗಳ ಸೂಚಿಯನ್ನು ಹೊರತಂದರು. ಸಂಬಂಧಪಟ್ಟ ಲೇಖನಗಳನ್ನು ಹುಡುಕಲು ಅನುಕೂಲವಾಗಲಿ ಎಂಬುದು ಉದ್ದೇಶ. ಹುಡುಕುವ ಸಾಧನವಾಗಿದ್ದದ್ದು ಕ್ರಮೇಣ ಮಾರ್ಕ್ಸ್ ಕಾರ್ಡ್ ಆಯಿತು.

ಈಗ ಹೆಚ್ಚು ಕೇಳಿಬರುವುದು ‘ಎಚ್-ಇಂಡೆಕ್ಸ್’. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಸೂಚಿಸಿದ ಅಳತೆ. ಒಬ್ಬರ 10 ಲೇಖನಗಳಿಗೆ ತಲಾ ಕನಿಷ್ಠ 10 ಉಲ್ಲೇಖ ಬಂದಿದ್ದರೆ ಅವರ ಎಚ್-ಇಂಡೆಕ್ಸ್ 10. ಇನ್ನೊಬ್ಬರದು ಐದೇ ಲೇಖನ; ಅವುಗಳಿಗೆ 500, 6, 3, 2, 1 ಉಲ್ಲೇಖ ಬಂದಿವೆ ಎನ್ನಿ. ಮೂರು ಲೇಖನಗಳಿಗೆ ಮಾತ್ರ ಕನಿಷ್ಠ ಮೂರು ಉಲ್ಲೇಖ ಇರುವುದರಿಂದ ಅವರ ಎಚ್-ಇಂಡೆಕ್ಸ್ 3. ಒಂದೇ ಲೇಖನವನ್ನು 500 ಮಂದಿ ಬಳಸಿದ್ದು ಈ ಲೆಕ್ಕದಲ್ಲಿ ಮುಳುಗಿಹೋಯಿತು.

ಈ ಅಂಕಿಗಳು ಪೂರ್ತಿ ನಿರುಪಯೋಗಿ ಎಂದು ನಾವು ಹೇಳುತ್ತಿಲ್ಲ. ಒಂದೇ ವಿಷಯದ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಸಂಶೋಧಕರ ಬಗ್ಗೆ ಸ್ಥೂಲ ಸೂಚನೆ ಕೊಡುತ್ತವೆ. ಅದರಾಚೆಗೆ ನಾಲ್ಕು ತೊಡಕುಗಳಿವೆ.

ಒಂದು, ವಿಷಯದಿಂದ ವಿಷಯಕ್ಕೆ ಲೆಕ್ಕ ಬೇರೆ. ಹೆಸರಿನ ಸಾಮ್ಯದಿಂದ ಕೆಲವರು ಸಿ.ಆರ್. ರಾವ್ ಅವರನ್ನು ಬೆಂಗಳೂರಿನ ರಸಾಯನ ವಿಜ್ಞಾನಿ, ಭಾರತರತ್ನ ಸಿ.ಎನ್.ಆರ್. ರಾವ್ ಎಂದುಕೊಳ್ಳುತ್ತಾರೆ. ಇಬ್ಬರೂ ಬೇರೆ. ಸಿ.ಎನ್.ಆರ್. ರಾವ್ ಅವರ ಲೇಖನಗಳು 1,500ಕ್ಕೂ ಹೆಚ್ಚು. ರಸಾಯನ ವಿಜ್ಞಾನದಲ್ಲಿ ತಂಡವಾಗಿ, ಪ್ರಯೋಗದ ಮೇಲೆ ಪ್ರಯೋಗ ನಡೆಯುತ್ತದೆ. ಲೇಖನಗಳೂ ಬೇಗ ಬರುತ್ತವೆ. ಗಣಿತದಲ್ಲಿ ಒಬ್ಬಿಬ್ಬರು ಕೂತು ಒಂದು ಸಮಸ್ಯೆಗೆ ವರ್ಷಗಟ್ಟಲೆ ಕೊಡಬಹುದು. 1,500 ಮತ್ತು ಕೆಲವು ನೂರು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾರು ದೊಡ್ಡವರು ಎಂದು ಕೇಳುವುದು ಕ್ವಿಂಟಲ್ ಲೆಕ್ಕದಲ್ಲಿ ಉಳ್ಳಾಗಡ್ಡಿಯನ್ನೂ ಕೇಸರಿಯನ್ನೂ ಹೋಲಿಸಿದಂತೆ.

ಎರಡು, ಭಾಷೆ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಊರಿನ ಶಾಸನಗಳ ಬಗ್ಗೆ ತಲೆಮಾರುಗಳಿಂದ ಸಂಶೋಧನೆ ನಡೆದಿದೆ. ಶಾಸನ, ವಚನ, ಹಳಗನ್ನಡದ ವಿದ್ವತ್ತು ಬಹುಪಾಲು ಕನ್ನಡದಲ್ಲಿ, ಪುಸ್ತಕ ರೂಪದಲ್ಲಿದೆ. ಧಾರವಾಡದ ಎಂ.ಎಂ. ಕಲಬುರ್ಗಿ ಅವರ ‘ಮಾರ್ಗ’ ಸಂಪುಟಗಳನ್ನು ಬಳಸದೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವುದು ಕಷ್ಟ. ಅದರ ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಸ್ಕೋಪಸ್‌ನಂಥ ದತ್ತಾಂಶಗಳು ಮುಖ್ಯವಾಗಿ ಇಂಗ್ಲಿಷ್ ಜರ್ನಲ್‌ಗಳನ್ನು ಎಣಿಸುತ್ತವೆ. ಕನ್ನಡದ ಸಂಶೋಧನೆಯ ಹೆಚ್ಚಿನ ಭಾಗ ಆ ಜರಡಿಗೆ ಬೀಳುವುದೇ ಇಲ್ಲ. ಅಲ್ಲಿ ಸೊನ್ನೆ ಕಂಡರೆ ಕೆಲಸ ಸೊನ್ನೆ ಎಂದಲ್ಲ.

ಮೂರು, ಉಲ್ಲೇಖವೆಂದರೆ ಹೊಗಳಿಕೆಯಲ್ಲ. ಎಂಎಂಆರ್ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆಂಬ ಶಂಕೆ ಹಬ್ಬಿಸಿದ ವೇಕ್‌ಫೀಲ್ಡ್ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದು ನೋಡಿದ್ದು 12 ಮಕ್ಕಳನ್ನಷ್ಟೇ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆ ಲೇಖನಕ್ಕೆ ಉಲ್ಲೇಖಗಳು ಹೇರಳ; ಬಹುಪಾಲು ಅದನ್ನು ತಪ್ಪೆಂದು ತೋರಿಸಲು ಬಂದವು. ಯಂತ್ರ ಎಲ್ಲವನ್ನೂ ಒಂದೇ ರೀತಿ ಎಣಿಸುತ್ತದೆ. ಹಾಗಾಗಿ ‘ಸಾವಿರಾರು ಸೈಟೇಷನ್ ಇರುವ ಅಧ್ಯಯನ’ ಎಂಬ ಮಾತಿನೊಂದಿಗೆ ಆರೋಗ್ಯದ ಫಾರ್ವರ್ಡ್ ಬಂದರೆ ಅದು ಈಗಲೂ ಮಾನ್ಯವಾಗಿದೆಯೇ ಎಂದು ಮೊದಲು ನೋಡಿ.

ನಾಲ್ಕು, ತೀರಾ ದೊಡ್ಡ ಕೆಲಸ ಲೆಕ್ಕದಿಂದಲೇ ಜಾರುತ್ತದೆ. ಪ್ರಯೋಗಾಲಯಗಳಲ್ಲಿ ದಿನವೂ ‘ರಾಮನ್ ಸ್ಪೆಕ್ಟ್ರಮ್’ ತೆಗೆಯುತ್ತಾರೆ, ಸರ್ ಸಿ.ವಿ. ರಾಮನ್ ಅವರ 1928ರ ಲೇಖನವನ್ನು ಪ್ರತಿಸಲ ಉಲ್ಲೇಖಿಸುವವರು ಯಾರು? ಕ್ರೇಮರ್–ರಾವ್ ಮಿತಿಯ ಗತಿಯೂ ಇದೇ. ಮೊಬೈಲ್ ಎಲ್ಲಿದೆ ಎಂದು ಪತ್ತೆಮಾಡುವ ವಿಧಾನ ಎಷ್ಟು ನಿಖರವಾಗಬಹುದು, ಎಂಆರ್‌ಐ ಅಳತೆಯನ್ನು ಎಷ್ಟರಮಟ್ಟಿಗೆ ಸುಧಾರಿಸಬಹುದು ಎಂಬ ಅಧ್ಯಯನಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಅದು ಪಠ್ಯಪುಸ್ತಕ ಸೇರಿ ಎಲ್ಲರ ಸ್ವತ್ತಾಗಿದೆ. 1945ರ ಲೇಖನವನ್ನು ಹುಡುಕಿ ಉಲ್ಲೇಖಿಸುವವರು ಕಡಿಮೆ.

‘ಸ್ಟ್ಯಾನ್‌ಫೋರ್ಡ್‌ನ ಶೇ. 2 ವಿಜ್ಞಾನಿ’ ಎಂದರೆ?

ಪ್ರತಿವರ್ಷ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರ ಫೋಟೊ ಹಾಕಿ ‘ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳಲ್ಲಿ ಸ್ಥಾನ, ಸ್ಟ್ಯಾನ್‌ಫೋರ್ಡ್ ಗೌರವ’ ಎಂದು ಹಂಚುತ್ತಾರೆ. ಇದು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರೊ. ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶ ಬಳಸಿ ತಯಾರಿಸುವ ಪಟ್ಟಿ. ಸಂಶೋಧಕರನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ವಿಂಗಡಿಸಿ ಉಲ್ಲೇಖಗಳ ಆಧಾರದ ಮೇಲೆ ಅಂಕ ಕೊಡುತ್ತಾರೆ. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟರೆ ಅಂಕ ಎಷ್ಟಾಗುತ್ತದೆ ಎಂದೂ ತೋರಿಸುತ್ತಾರೆ. ಇಡೀ ವೃತ್ತಿಜೀವನಕ್ಕೊಂದು ಪಟ್ಟಿ, ಒಂದೇ ವರ್ಷಕ್ಕೊಂದು ಪಟ್ಟಿ ಇದೆ. ನಿಮಗೆ ಬಂದ ಪೋಸ್ಟರ್ ಯಾವ ಪಟ್ಟಿಯದು ಎಂದು ಕೇಳಿ. ಪಟ್ಟಿಯಲ್ಲಿ ಇರುವುದು ಸಂತೋಷದ ವಿಷಯವೇ. ಇಲ್ಲದವರು ಕಡಿಮೆ ಎಂದು ಅದರಿಂದ ಸಾಬೀತಾಗುವುದಿಲ್ಲ.

ಹಾಗಾದರೆ ಆ ಜರ್ನಲ್‌ಗೆ ದುಡ್ಡು ಕಟ್ಟಬೇಕೇ?

ಅಂಕಿಯಿಂದಲೇ ಕೆಲಸ, ಬಡ್ತಿ ನಿರ್ಧಾರವಾಗತೊಡಗಿದಾಗ ಅಂಕಿಯನ್ನು ಮಾರುವ ಅಂಗಡಿಗಳೂ ತೆರೆದವು. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಟ್ಟಿತ್ತು. ಆಮೇಲೆ ‘ಯುಜಿಸಿ ಕೇರ್’ ಎಂಬ ಹೊಸ ಪಟ್ಟಿ ಬಂತು. ಅದನ್ನೂ ನಿಲ್ಲಿಸಿರುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿ, ಜರ್ನಲ್‌ಗಳ ಗುಣ ನೋಡುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಆದ್ದರಿಂದ ಹೊಸ ಜಾಹೀರಾತಿನಲ್ಲಿ ‘ಯುಜಿಸಿ ಕೇರ್ ಅನುಮೋದಿತ’ ಎಂದು ಕಂಡರೆ ಅನುಮಾನಿಸಿ.

ನಾವೂ ಸ್ನಾತಕೋತ್ತರ ಓದುವಾಗ ಇಂಥ ಒಂದು ಜರ್ನಲ್‌ಗೆ ದುಡ್ಡು ಕಟ್ಟಿದ್ದೆವು. ನಾಲ್ಕನೇ ದಿನ ಲೇಖನ ಪ್ರಕಟವಾಯಿತು. ಯಾರೂ ಓದಿ ತಿದ್ದಿರಲಿಲ್ಲ. ನಾವು ಮಾಡಿದ್ದ ಕಾಗುಣಿತದ ತಪ್ಪು ತಲೆಬರಹದಲ್ಲೇ ಹಾಗೇ ಇತ್ತು. ಎರಡು ವರ್ಷದ ನಂತರ ಆ ಜಾಲತಾಣವೇ ಇರಲಿಲ್ಲ. ಉಳಿದದ್ದು ಬಣ್ಣದ ಸರ್ಟಿಫಿಕೇಟ್. ಅದನ್ನು ಇಂಟರ್‌ವ್ಯೂನಲ್ಲಿ ತೋರಿಸಲು ನಮಗೇ ನಾಚಿಕೆಯಾಯಿತು.

ಮೊಬೈಲಿನಲ್ಲೇ ಪರೀಕ್ಷಿಸಲು ಕೆಲವು ದಾರಿಗಳಿವೆ:

• ಎಷ್ಟು ದಿನದಲ್ಲಿ ಪ್ರಕಟಿಸುತ್ತಾರೆ? ವಿಷಯ ಬಲ್ಲವರು ಓದಿ, ಪ್ರಶ್ನೆ ಕೇಳಿ, ತಿದ್ದಿಸಲು ವಾರಗಳು, ಸಾಮಾನ್ಯವಾಗಿ ತಿಂಗಳುಗಳು ಬೇಕು. ಮೂರು ದಿನದ ಗ್ಯಾರಂಟಿ ಎಂದರೆ ಯಾರೂ ಓದುವುದಿಲ್ಲ ಎಂದರ್ಥ.

• ಶುಲ್ಕವೊಂದೇ ಮೋಸದ ಗುರುತಲ್ಲ. ಎಲ್ಲರೂ ಉಚಿತವಾಗಿ ಓದಬಹುದಾದ ಕೆಲವು ಒಳ್ಳೆಯ ಜರ್ನಲ್‌ಗಳೂ ಶುಲ್ಕ ಪಡೆಯುತ್ತವೆ. ಆದರೆ ಪರಿಶೀಲನೆ ಮುಗಿದು ಲೇಖನ ಸ್ವೀಕಾರವಾದ ಮೇಲೆ ಕೇಳುವುದು ರೂಢಿ.

• ಐಎಸ್‌ಎಸ್‌ಎನ್ ಸಂಖ್ಯೆ ಗುಣಮಟ್ಟದ ಮುದ್ರೆಯಲ್ಲ. ಅದು ಪತ್ರಿಕೆಗಳನ್ನು ಗುರುತಿಸುವ ನೋಂದಣಿ ಸಂಖ್ಯೆ ಮಾತ್ರ.

• ‘ಸ್ಕೋಪಸ್ ಇಂಡೆಕ್ಸ್ಡ್’ ಎಂದಿದ್ದರೆ ಸ್ಕೋಪಸ್‌ನ ಜಾಲತಾಣದಲ್ಲೇ ಹೆಸರು ಹುಡುಕಿ. ಜರ್ನಲ್‌ನವರು ಕೊಟ್ಟ ಲಿಂಕ್ ಒತ್ತಬೇಡಿ. ಅಸಲಿ ಪತ್ರಿಕೆಯ ಹೆಸರಿನಲ್ಲಿ ನಕಲಿ ತಾಣಗಳಿರುತ್ತವೆ.

• ಸಂಪಾದಕ ಮಂಡಳಿಯ ಹೆಸರುಗಳನ್ನು ಆಯಾ ಸಂಸ್ಥೆಗಳ ತಾಣದಲ್ಲಿ ನೋಡಿ. ಒಂದೇ ಸಂಚಿಕೆಯಲ್ಲಿ ಆಯುರ್ವೇದ, ಸಿಮೆಂಟ್, ವಚನ ಸಾಹಿತ್ಯ ಎಲ್ಲವೂ ಇದ್ದರೆ ಅಷ್ಟನ್ನೂ ಪರಿಶೀಲಿಸುವವರು ಯಾರೆಂದು ಕೇಳಿಕೊಳ್ಳಿ.

ಇನ್ನೊಂದು ಮಾತು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ ತನ್ನ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ಸೇರುವ ಕಡೆ ವಿಚಾರಿಸಿ. ಜರ್ನಲ್ ಏಜೆಂಟರ ಮಾತು ಕೇಳಿ ಹೆದರಬೇಡಿ.

ಕೊನೆಯದಾಗಿ

ಮೊದಲ ಫಾರ್ವರ್ಡ್: ಅರ್ಧ ಸತ್ಯ. ವ್ಯಕ್ತಿ ನಿಜ, ವಯಸ್ಸು ನಿಜ, ಸಾಧನೆ ಫಾರ್ವರ್ಡ್ ಹೇಳಿದ್ದಕ್ಕಿಂತ ದೊಡ್ಡದು. ‘ನೊಬೆಲ್’ ಸುಳ್ಳು, ಭಾರತ ಮರೆತಿತು ಎಂಬುದೂ ಸುಳ್ಳು. ಎರಡನೆಯದು: ನಂಬಬೇಡಿ.

ಬಾಳೆಹೊಸೂರಿನ ಓದುಗರಿಗೆ ಫೋನ್ ಮಾಡಿ, “ರೊಕ್ಕ ಕಟ್ಟಬೇಡಿ ಕಾಕಾ” ಎಂದೆವು. “ಮತ್ತ ಆಕಿ ಬರದಿದ್ದು ವ್ಯರ್ಥ ಆಗಂಗಿಲ್ಲೇನ್ರಿ?” ಎಂದು ಕೇಳಿದರು. ಅವಳು ಬರೆದದ್ದು ಸುತ್ತಲಿನ ಊರುಗಳ ಶಾಸನಗಳಲ್ಲಿ ಬರುವ ಕೆರೆಗಳ ಹೆಸರಿನ ಬಗ್ಗೆ. ಮೊದಲು ಪಾಠ ಮಾಡಿದ ಮೇಷ್ಟ್ರಿಗೆ ತೋರಿಸಿ ತಿದ್ದಿಸಲಿ, ಆಮೇಲೆ ವಿಷಯ ಬಲ್ಲವರು ಓದುವ ಪತ್ರಿಕೆಗೆ ಕಳಿಸಲಿ, ಕನ್ನಡದ್ದಾದರೂ ಆದೀತು ಎಂದೆವು. ತಡವಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೋದ ವಾರ ಅವರಿಂದ ಮತ್ತೊಂದು ವಾಯ್ಸ್ ನೋಟ್ ಬಂತು: ಮೇಷ್ಟ್ರು ಮೂರು ಪುಟದ ತುಂಬ ಕೆಂಪು ಪೆನ್ನಿನಲ್ಲಿ ಗೀಚಿ ಕಳಿಸಿದ್ದಾರಂತೆ, ಮಗಳು ಮತ್ತೆ ಬರೆಯಲು ಕೂತಿದ್ದಾಳಂತೆ.